ಗೋಸುಂಬೆಗೆ ತನ್ನ ಕಾಲಿನ ಮೇಲೇ ಅನುಮಾನ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಗಳು ಆಗತಾನೇ ಎದ್ದು ಕೂತಿದ್ದವು. ನದಿಗಳಿಗೆ ದಾರಿ ಗೊತ್ತಿರಲಿಲ್ಲ. ಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿದ್ದವು.

ಆಗ ಎಲ್ಲರಿಗೂ ಕೈತುಂಬ ಕೆಲಸ. ಇರುವೆ ಮಣ್ಣು ಹೊರುತ್ತಿತ್ತು. ಗೀಜಗ ಗೂಡು ನೇಯುತ್ತಿತ್ತು. ಗಾಳಿ ಬೀಜಗಳನ್ನು ಹೊತ್ತು ಊರೂರು ತಿರುಗುತ್ತಿತ್ತು. ಯಾರು ಎದುರಾದರೂ "ಏನ್ ಕೆಲ್ಸ ನಡೀತಿದೆ?" ಎಂದು ಕೇಳುವುದೇ ವಾಡಿಕೆ. ಕೆಲಸವಿಲ್ಲ ಎನ್ನುವ ಉತ್ತರವನ್ನು ಯಾರೂ ಕೇಳಿಯೇ ಇರಲಿಲ್ಲ.

ಆ ಕಾಲದ ಗೋಸುಂಬೆ ಈಗಿನ ಹಾಗಿರಲಿಲ್ಲ ಮಗೂ. ಬಿಟ್ಟ ಬಾಣದ ಹಾಗೆ ಓಡುತ್ತಿದ್ದ. ಅವನ ಎರಡು ಕಣ್ಣೂ ಒಂದೇ ಕಡೆ ನೋಡುತ್ತಿದ್ದವು. ಯಾರು ಎಲ್ಲಿ ಏನು ಮಾಡುತ್ತಿದ್ದಾರೆ ಎಂದು ಪತ್ತೆ ಹಚ್ಚುವುದೇ ಅವನ ಕೆಲಸ. ಯಾರೂ ಕೊಟ್ಟದ್ದಲ್ಲ, ಅವನೇ ಹಿಡಿದುಕೊಂಡದ್ದು.

ಕರಿಗುಡ್ಡದ ಬುಡದಲ್ಲಿ ಒಂದು ಹೊಂಡ. ಬಂಡೆಯ ಸಂದಿನಿಂದ ಒಸರುವ ಸಣ್ಣ ಒರತೆಯ ನೀರು ಅದರಲ್ಲಿ ನಿಲ್ಲುತ್ತಿತ್ತು. ಒಂದು ಬೇಸಿಗೆಯ ಮಧ್ಯಾಹ್ನ ಗೋಸುಂಬೆ ದಡದ ಜಾಲಿಮರದಿಂದ ಇಣುಕಿದ. ನೀರಿನ ನಡುವೆ ಎಮ್ಮೆ ಮಲಗಿದ್ದಳು. ಮೂಗು, ಕೊಂಬು ಬಿಟ್ಟರೆ ಉಳಿದದ್ದೆಲ್ಲ ನೀರೊಳಗೆ.

"ಎಮ್ಮೆಯಕ್ಕ, ಏನ್ ಮಾಡ್ತಿದೀಯ?"

"ಸುಮ್ನೆ ಇದೀನಿ," ಅಂದಳು ಎಮ್ಮೆ.

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ... ಸುಮ್ನೆ." ಕಿವಿ ಅಲ್ಲಾಡಿಸಿ ಕಣ್ಣು ಮುಚ್ಚಿದಳು.

ಅಂಥ ಮಾತನ್ನು ಗೋಸುಂಬೆ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕೆಲಸವಿಲ್ಲದೆ ಯಾರಾದರೂ ಇಷ್ಟು ಹೊತ್ತು ಒಂದೇ ಕಡೆ ಇರುತ್ತಾರೆಯೇ? ಇದರಲ್ಲಿ ಏನೋ ಇದೆ ಅಂದುಕೊಂಡ.

ಅಲ್ಲೇ ಎಲೆಗಳ ಮರೆಯಲ್ಲಿ ಕೂತು ಕಾವಲು ಶುರುಮಾಡಿದ. ಒಂದು ಕಣ್ಣು ಎಮ್ಮೆಯ ಮೇಲೆ. ಅವಳ ಕಡೆಯವರು ಯಾರಾದರೂ ಬಂದರೆ ಎಂದು ಇನ್ನೊಂದು ಕಣ್ಣು ದಾರಿಯ ಮೇಲೆ. ಹಾಗೆ ಎಳೆದೂ ಎಳೆದೂ ಅವನ ಕಣ್ಣುಗಳು ಬೇರೆಬೇರೆ ಕಡೆ ತಿರುಗುವುದನ್ನು ಕಲಿತವು.

ಮೊದಲ ದಿನ ಎಮ್ಮೆ ಮಗ್ಗುಲು ಬದಲಿಸಿದಳು. ಎರಡನೆಯ ದಿನ ಆಕಳಿಸಿದಳು. ಮೂರನೆಯ ದಿನ ಅವಳ ಮೂಗಿನ ಹತ್ತಿರ ಗುಳುಗುಳು ಎಂದು ಗುಳ್ಳೆ ಎದ್ದವು.

"ನೀರೊಳಗೆ ಯಾರ ಜೊತೆಗೋ ಮಾತಾಡ್ತಿದಾಳೆ!" ಎಂದು ಗೋಸುಂಬೆ ಬೆಚ್ಚಿದ. ಅದೇ ಹೊತ್ತಿಗೆ ದಡದ ಒಂದು ಕಲ್ಲು ಅವನ ಕಣ್ಣಿಗೆ ಬಿತ್ತು. ಮೊನ್ನೆ ನೀರಲ್ಲಿ ಮುಳುಗಿದ್ದ ಕಲ್ಲು ಇವತ್ತು ಒಣಗಿತ್ತು.

ಓಡಿಹೋಗಿ ಕಪ್ಪೆ, ಮೀನು, ಬೆಳ್ಳಕ್ಕಿ ಎಲ್ಲರನ್ನೂ ಸೇರಿಸಿದ. "ನೀರು ಇಳೀತಿದೆ. ಅವಳು ಹಗಲೆಲ್ಲ ಅಲ್ಲೇ ಬಿದ್ದಿರ್ತಾಳೆ. ಕೇಳಿದ್ರೆ ಸುಮ್ನೆ ಅಂತಾಳೆ. ಏನರ್ಥ, ನೀವೇ ಹೇಳಿ."

ಬಿಸಿಲಿಗೆ ನೀರು ಇಳಿಯುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

"ಅವಳ ಹೊಟ್ಟೆ ದಪ್ಪ ಆಗಿರೋದನ್ನ ನಾನೂ ನೋಡ್ದೆ," ಅಂದಿತು ಕಪ್ಪೆ.

"ನನ್ನ ಮರಿಗಳಲ್ಲಿ ಎರಡು ಕಾಣ್ತಿಲ್ಲ," ಅಂದಿತು ಮೀನು. ಎರಡೂ ಅದರ ಬಾಲದ ಹಿಂದೆಯೇ ಆಡುತ್ತಿದ್ದವು.

ಎಲ್ಲರೂ ಹೋಗಿ ಎಮ್ಮೆಯ ಸುತ್ತ ನಿಂತರು. "ಇಲ್ಲಿ ನಿನಗೇನು ಕೆಲ್ಸ? ಹೇಳು, ಇಲ್ಲಾ ಎದ್ದು ಹೋಗು."

ಎಮ್ಮೆ ಬಹಳ ಹೊತ್ತು ಯೋಚಿಸಿದಳು. ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಅವಳಿಗೆ ಅದು ಬರಲಿಲ್ಲ.

"ಇಲ್ಲಿ ತಣ್ಣಗಿದೆ. ಹಿತವಾಗಿದೆ. ಅಷ್ಟೇ ಕಣಪ್ಪ."

ಒಬ್ಬರೂ ನಂಬಲಿಲ್ಲ. ಎಮ್ಮೆ ಎದ್ದು, ಕೆಸರು ತೊಟ್ಟಿಕ್ಕಿಸುತ್ತ, ಗುಡ್ಡದ ಕಡೆ ನಡೆದಳು. ಹಿಂತಿರುಗಿ ಒಮ್ಮೆ ನೋಡಿದಳು. ಆ ನೋಟವೂ ಗೋಸುಂಬೆಗೆ ಸರಿ ಕಾಣಲಿಲ್ಲ.

ಮಾರನೆಯ ದಿನ ನೀರು ಒಂದು ಗೇಣು ಇಳಿಯಿತು. ಅದರ ಮಾರನೆಯ ದಿನ ಒಂದು ಮೊಳ. ಎಮ್ಮೆಯೇ ಇಲ್ಲವಲ್ಲ, ಹಾಗಾದರೆ ಕಳ್ಳ ಯಾರು? ಕಪ್ಪೆ ಮೀನನ್ನು ಓರೆಗಣ್ಣಿನಿಂದ ನೋಡಿತು. ಮೀನು ಬೆಳ್ಳಕ್ಕಿಯನ್ನು ನೋಡಿತು. ಬೆಳ್ಳಕ್ಕಿ ಎಲ್ಲರನ್ನೂ ನೋಡಿತು. ಗೋಸುಂಬೆಯ ಒಂದೊಂದು ಕಣ್ಣು ಒಂದೊಂದು ದಿಕ್ಕಿಗೆ ಗಿರಗಿರ ತಿರುಗಿತು. ಐದನೆಯ ದಿನಕ್ಕೆ ಅಂಗೈಯಷ್ಟು ನೀರು ಉಳಿದಿತ್ತು. ಮೀನುಗಳು ಅದರಲ್ಲಿ ಬಾಯಿ ಬಾಯಿ ಬಿಡುತ್ತಿದ್ದವು.

ಆಗ ಕುಂಬಾರರ ಗಿರಿಯವ್ವ ಮಣ್ಣು ಒಯ್ಯಲು ಬುಟ್ಟಿ ಹಿಡಿದು ಬಂದಳು. ಹೊಂಡಕ್ಕಿಳಿದು ಹಿಮ್ಮಡಿಯಿಂದ ತಳ ಒತ್ತಿ ನೋಡಿದಳು. ಬೆರಳು ತೂರುವಷ್ಟು ಬಿರುಕುಗಳು.

"ಇಲ್ಲಿ ಮಣ್ಣು ತುಳಿಯೋರು ಯಾರಿದ್ರಪ್ಪ?"

"ಯಾರೂ ಇಲ್ಲ ಗಿರಿಯವ್ವ. ಒಬ್ಬಳು ಎಮ್ಮೆ ಬಿದ್ಕೊಂಡಿದ್ಳು. ಓಡಿಸಿದ್ವಿ," ಅಂದ ಗೋಸುಂಬೆ.

ಗಿರಿಯವ್ವ ತಲೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ನಿಮ್ಮ ಬುದ್ಧಿಗಿಷ್ಟು! ತುಳಿಯದ ಮಣ್ಣಲ್ಲಿ ಗಡಿಗೆ ಮಾಡಿದ್ರೆ ನೀರು ನಿಲ್ಲುತ್ತಾ? ಅವಳು ಹೊರಳಿ ಹೊರಳಿ ತಳದ ಮಣ್ಣು ಮೆತ್ತಿದ್ಳು. ಅದಕ್ಕೇ ಹೊಂಡ ನೀರು ಹಿಡಿದಿತ್ತು."

"ಹಾಗಾದ್ರೆ ಕೆಲ್ಸಾನೇ ಮಾಡ್ತಿದ್ಳು! ನಮ್ಮಿಂದ ಯಾಕೆ ಮುಚ್ಚಿಟ್ಳು?"

"ಇನ್ನೂ ಅನುಮಾನವೇನೋ ನಿನಗೆ? ಮೀನು ಸಾಯ್ತಿವೆ. ಹೋಗಿ ಕರ್ಕೊಂಡು ಬಾ!"

ಗೋಸುಂಬೆ ಓಡಿದ. ಬಂಡೆಯ ನೆರಳಲ್ಲಿ ಎಮ್ಮೆ ನಿಂತಿದ್ದಳು. ಬಿಸಿಲಿಗೆ ಮೈ ಒಡೆದಿತ್ತು, ಗಾಯಕ್ಕೆ ನೊಣ ಮುತ್ತಿದ್ದವು.

"ಅಕ್ಕಾ, ತಪ್ಪಾಯ್ತು. ನೀನು ಹೊಂಡ ಕಾಪಾಡ್ತಿದ್ದೆ ಅಂತ ಗೊತ್ತಾಗ್ಲಿಲ್ಲ."

"ನಾನೇನೂ ಕಾಪಾಡ್ತಿರಲಿಲ್ಲ," ಅಂದಳು ಎಮ್ಮೆ. "ಸುಮ್ನೆ ಇದ್ದೆ. ಈಗ್ಲಾದ್ರೂ ನಂಬ್ತೀಯಾ?"

"ನಂಬ್ತೀನಿ ಅಕ್ಕಾ."

ಎಮ್ಮೆ ಬಂದಳು. ಗಿರಿಯವ್ವ ಮನೆಯಿಂದ ಎರಡು ಕೊಡ ನೀರು ತಂದು ಸುರಿದಳು. ಎಮ್ಮೆ ಕೆಸರಿನಲ್ಲಿ ಹೊರಳಿದಳು, ಮತ್ತೆ ಹೊರಳಿದಳು. ಬಿರುಕುಗಳು ಒಂದೊಂದಾಗಿ ಮುಚ್ಚಿಕೊಂಡವು. ಒರತೆಯ ನೀರು ಹನಿಹನಿಯಾಗಿ ನಿಂತು, ಸಂಜೆಯ ಹೊತ್ತಿಗೆ ಮೀನುಗಳ ಬೆನ್ನು ಮುಳುಗಿತು.

ಗೋಸುಂಬೆ ಮನೆಗೆ ಹೊರಟ. ಕಾಲೆತ್ತಿದವನು ಹಾಗೇ ನಿಂತ. ಮುಂದಿಟ್ಟ, ಹಿಂದಕ್ಕೆಳೆದುಕೊಂಡ. ಮತ್ತೆ ಮುಂದೆ, ಮತ್ತೆ ಹಿಂದೆ.

"ಯಾಕಣ್ಣ ಹಿಂಗೆ ತೂಗಾಡ್ತೀಯ?" ಎಂದು ಗಾಳಿ ಕೇಳಿತು.

"ಅವತ್ತೂ ನಾನು ಸರಿ ಅಂತಲೇ ಹೆಜ್ಜೆ ಇಟ್ಟಿದ್ದೆ," ಅಂದ ಗೋಸುಂಬೆ. "ಎಲ್ಲರ ಮೇಲೂ ಅನುಮಾನ ಪಟ್ಟೆ. ನನ್ನೊಬ್ಬನ ಮೇಲೆ ಪಡಲಿಲ್ಲ."

ಅದಕ್ಕೇ ಮಗೂ, ಇವತ್ತಿಗೂ ಬೇಲಿಯ ಮೇಲೆ ಗೋಸುಂಬೆ ಒಂದು ಕಣ್ಣು ಮುಂದೆ, ಒಂದು ಕಣ್ಣು ಹಿಂದೆ ಮಾಡಿಕೊಂಡು, ಎತ್ತಿದ ಕಾಲನ್ನು ಇಡಲೋ ಬೇಡವೋ ಎಂದು ತೂಗಾಡುತ್ತಿರುತ್ತಾನೆ. ಅತ್ತ ಕೆರೆಯಲ್ಲಿ ಎಮ್ಮೆ ಕಣ್ಣು ಮುಚ್ಚಿ ಬಿದ್ದುಕೊಂಡಿರುತ್ತಾಳೆ, ಯಾಕೆ ಎಂದು ಅವಳನ್ನು ಯಾರೂ ಕೇಳುವುದಿಲ್ಲ.