ಬುತ್ತಿಯ ಕಿಂಡಿ

“ಗುರುಗಳೇ, ನಾನು ಪೂರ್ತಿ ಹೊಸ ಮನುಷ್ಯನಾಗಬೇಕು. ಹೆಸರು ಬದಲಿಸಿದೆ, ವೇಷ ಬದಲಿಸಿದೆ, ಊರಿನ ಕಡೆಯವರ ಒಡನಾಟ ಬಿಟ್ಟೆ. ಇನ್ನು ಏನನ್ನು ಅಳಿಸಲಿ?” ಎಂದು ಶಿಷ್ಯನೊಬ್ಬ ಕೇಳಿದ. ಅವನು ಮಠಕ್ಕೆ ಬಂದು ಇನ್ನೂ ಬಹಳ ದಿನವಾಗಿರಲಿಲ್ಲ.

“ಅವಸರ ಜೋರಾಗಿಯೇ ಇದೆ. ಮೊದಲು ಕೂತುಕೋ,” ಎಂದು ಗುರುಗಳು ನಕ್ಕು ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಹತ್ತಿಯ ಗಿರಣಿ ಇತ್ತು. ಊರಿನ ಅರ್ಧ ಗಂಡಸರು ಅಲ್ಲೇ ದುಡಿಯುತ್ತಿದ್ದರು. ಒಮ್ಮೆ ಒಳಗೆ ಹೋದರೆ ಪಾಳಿ ಮುಗಿಯುವವರೆಗೆ ಬಾಗಿಲು ತೆರೆಯುತ್ತಿರಲಿಲ್ಲ. ಮಧ್ಯಾಹ್ನ ಹೆಂಗಸರು ರೊಟ್ಟಿಯ ಬುತ್ತಿ ಹೊತ್ತು ಬರುತ್ತಿದ್ದರು. ಒಳಗಿನವರು ರಸ್ತೆಯ ಕಡೆಯ ಗೋಡೆಯಲ್ಲಿ ಅಲ್ಲಲ್ಲಿ ಇಟ್ಟಿಗೆ ಕಿತ್ತು, ಬುತ್ತಿ ತೂರುವಷ್ಟು ಕಿಂಡಿ ಮಾಡಿಕೊಂಡಿದ್ದರು. ಮಾಲೀಕ ಕಂಡೂ ಕಾಣದಂತಿದ್ದ. ಇದು ದ್ಯಾಮವ್ವನ ಕಿಂಡಿ, ಅದು ಹುಸೇನಬಿಯ ಕಿಂಡಿ ಎಂದು ಹೆಸರೂ ಬಿದ್ದಿತ್ತು. ಹೊರಗಿನಿಂದ ಬುತ್ತಿ ಹಿಡಿದ ಕೈ ಒಳಗೆ ಹೋಗುತ್ತಿತ್ತು. ಹತ್ತಿಯ ಧೂಳು ಮೆತ್ತಿದ ಕೈ ಅದನ್ನು ತೆಗೆದುಕೊಳ್ಳುತ್ತಿತ್ತು.

ಒಂದು ಬೆಳಗ್ಗೆ ಗಿರಣಿಗೆ ಬೀಗ ಬಿತ್ತು. ಕೆಲಸಕ್ಕೆ ಬಂದವರಿಗೆ ಯಾರೂ ಒಂದು ಮಾತು ಹೇಳಲಿಲ್ಲ. ಕಟ್ಟಡ ಪಾಳುಬಿತ್ತು. ದುಡಿದವರ ಎದೆಯಲ್ಲಿ ಹತ್ತಿಯ ಧೂಳು ಉಳಿದುಕೊಂಡಿತು. ಕೆಮ್ಮಿ ಕೆಮ್ಮಿ ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು.

ಇದನ್ನು ಕೇಳಿ ಒಬ್ಬ ವೈದ್ಯೆ ಆ ಊರಿಗೆ ಬಂದಳು. ಗಿರಣಿಯನ್ನೇ ಆಸ್ಪತ್ರೆ ಮಾಡಿ ಆ ಜನರನ್ನು ಉಳಿಸಿಕೊಳ್ಳಬೇಕೆಂದು ಅವಳ ಆಸೆ. ಹಳೆಯ ಕಟ್ಟಡಗಳ ಹೊರರೂಪ ಬದಲಿಸುವುದರಲ್ಲಿ ಹೆಸರು ಮಾಡಿದ್ದ ಒಬ್ಬ ವಿನ್ಯಾಸಗಾರ್ತಿಯನ್ನು ಕರೆಸಿ, “ಇದು ಬೀಗ ಹಾಕಿದ ಗಿರಣಿ ಅಂತ ಯಾರಿಗೂ ನೆನಪಾಗಬಾರದು,” ಎಂದಳು.

ವಿನ್ಯಾಸಗಾರ್ತಿಯ ಕೈಯಲ್ಲಿ ಕಸುಬಿತ್ತು. ಗಿರಣಿಯ ಹೆಸರನ್ನು ಕೆರೆದು ತೆಗೆಸಿದಳು. ಹಳೆಯ ಬಾಗಿಲಿದ್ದ ಕಡೆ ತೇಗದ ದೊಡ್ಡ ಬಾಗಿಲು ಇಡಿಸಿದಳು. ಕಪ್ಪುಗಟ್ಟಿದ್ದ ಗೋಡೆಗೆ ಬಿಳಿ ಗಾರೆ ಮೆತ್ತಿಸಿದಳು. ಕಿಂಡಿಗಳು ಅವಳ ಕಣ್ಣಿಗೆ ಬಿದ್ದದ್ದು ಗೋಡೆಯ ಹುಳುಕಾಗಿ. ಒಂದೂ ಬಿಡದೆ ಮುಚ್ಚಿಸಿದಳು. ಊರೇ ಬಂದು ನೋಡಿತು, ಮದುವೆ ಮನೆಯ ಹಾಗಿದೆ ಎಂದು ಹೊಗಳಿ ವಾಪಸು ಹೋಯಿತು. ದೂರದ ಊರುಗಳಿಂದ ರೋಗಿಗಳು ಬಂದರು. ಗಿರಣಿಯಲ್ಲಿ ದುಡಿದವರು ಒಬ್ಬರೂ ಬರಲಿಲ್ಲ. ಅವರು ತಮ್ಮ ಮನೆಗಳಲ್ಲೇ ಸಾಯುತ್ತಿದ್ದರು.

ಒಂದು ಮಧ್ಯಾಹ್ನ ಮುದುಕಿಯೊಬ್ಬಳು ಆ ಬಿಳಿ ಗೋಡೆಯನ್ನು ಅಂಗೈಯಿಂದ ಸವರುತ್ತಾ ಹೋಗುವುದು ವಿನ್ಯಾಸಗಾರ್ತಿಗೆ ಕಂಡಿತು. ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು.

“ನನ್ನ ಕಿಂಡಿ ನೋಡಾಕತ್ತೀನಿ ಯವ್ವಾ, ಇಲ್ಲೇ ಇತ್ತು. ನಮ್ಮನಿಯವರು ಉಸಿರಿಗೆ ಭಾಳ ತ್ರಾಸ ಮಾಡ್ಕೊಂಡು ಮಲಗ್ಯಾರ. ಔಷಧಿ ಇಸ್ಕೊಂಡು ಹೋಗೂಣು ಅಂತ ಬಂದೆ.”

“ಬಾಗಿಲು ಆ ಕಡೆ ಇದೆಯಲ್ಲ ಅಮ್ಮ?”

“ಗಿರಣಿಗೆ ಬೀಗ ಬಿದ್ದಾಗ ಆ ಬಾಗಿಲಾನ ನಮ್ಮ ಮಾರಿ ಮ್ಯಾಲೆ ಹಾಕಿದ್ದು. ಅದರಾಗ ಹೆಂಗ ಹೋಗೂದು? ಈ ಗ್ವಾಡ್ಯಾಗ ನಮ್ಮದು ಅಂತ ಇದ್ದದ್ದು ಕಿಂಡಿ ಒಂದ.”

ವಿಷಯ ತಿಳಿದ ವೈದ್ಯೆ ಔಷಧಿಯ ಚೀಲ ಹಿಡಿದು ಮುದುಕಿಯ ಜೊತೆ ಅವಳ ಮನೆಗೆ ಓಡಿದಳು. ವಿನ್ಯಾಸಗಾರ್ತಿ ಗೋಡೆಯ ಮುಂದೆ ಉಳಿದಳು. ಅವಳಿಗೆ ಕೀರ್ತಿ ತಂದ ಗೋಡೆ ಅದು. ಅದನ್ನು ನೋಡಲು ಹೊರಗಿನಿಂದ ದೊಡ್ಡ ದೊಡ್ಡವರು ಬರುತ್ತಿದ್ದರು. ಒಡೆ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅವಳು ಸುತ್ತಿಗೆ ತರಿಸಿದಳು.

ನೋಡಪ್ಪ, ಇಲ್ಲಿ ನಾನು ಆ ತಾಯಿಗೆ ಕೈಮುಗಿಯುತ್ತೇನೆ. ಬೇರೆಯವರು ಕಟ್ಟಿದ್ದನ್ನು ಒಡೆಯಲು ನಾವೆಲ್ಲ ಮುಂದು. ತಾನೇ ಚಂದ ಮಾಡಿದ್ದನ್ನು, ಹತ್ತು ಜನ ಹೊಗಳುತ್ತಿರುವಾಗ ಒಡೆಯಲು ದೊಡ್ಡ ಎದೆ ಬೇಕು.

ಅವಳು ಊರಿನ ಹೆಂಗಸರನ್ನು ಕರೆಸಿದಳು. ಅವರು ಬಂದು ತಮ್ಮ ತಮ್ಮ ಜಾಗ ತೋರಿಸಿದರು. ತೋರಿಸಿದ ಕಡೆಯೆಲ್ಲ ಗೋಡೆ ಒಡೆದು, ಅಂಚನ್ನು ನಯಗೊಳಿಸಿ, ಮೊಣಕೈ ಊರಲು ಕಲ್ಲಿನ ಹಾಸು ಕೂರಿಸಿದಳು. ಬಿಸಿಲು ಬೀಳದಂತೆ ಮೇಲೆ ಸಣ್ಣ ಚಪ್ಪರ ಇಳಿಸಿದಳು. ಒಂದು ಕಿಂಡಿಯನ್ನು ಮಾತ್ರ ನೆಲದವರೆಗೆ ಬಿಡಿಸಿ, ಮನುಷ್ಯ ಆರಾಮವಾಗಿ ನಡೆದುಹೋಗುವಷ್ಟು ಅಗಲ ಮಾಡಿದಳು. ಅದಕ್ಕೆ ಕದ ಇಡಲಿಲ್ಲ.

ಮೊದಲು ಹೆಂಗಸರು ಹೊರಗೆ ನಿಂತೇ ಕೈಯೊಡ್ಡಿ ಔಷಧಿ ಪಡೆದರು. ಆಮೇಲೆ ಗಂಡಂದಿರನ್ನು ಕರೆತಂದರು. ವೈದ್ಯೆ ಒಳಗೆ ಕೂತು, ಕಿಂಡಿಯಿಂದಲೇ ಕೈಚಾಚಿ ಅವರ ಎದೆ ನೋಡಿದಳು. ಸ್ವಲ್ಪ ದಿನಕ್ಕೆ ಜನ ಆ ದೊಡ್ಡ ಕಿಂಡಿಯಿಂದ ಒಳಗೇ ಹೋಗತೊಡಗಿದರು. ಕೆಲವರು ತೀರಿಕೊಂಡರು, ಬಹಳ ಜನ ಉಳಿದರು. ಉಳಿದವರಲ್ಲಿ ಮುದುಕಿಯ ಗಂಡನೂ ಇದ್ದ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಹಳೆಯದನ್ನು ಅಳಿಸಲೇಬಾರದೇ?” ಎಂದು ಶಿಷ್ಯ ಕೇಳಿದ.

“ಧಾರಾಳವಾಗಿ ಅಳಿಸು. ಗಿರಣಿಯ ಹೆಸರನ್ನು ಅವಳೂ ಮತ್ತೆ ಬರೆಸಲಿಲ್ಲ,” ಎಂದ ಗುರುಗಳು, ಅವನ ಮುಖ ನೋಡುತ್ತಾ ಕೇಳಿದರು:

“ನೀನು ಗಾರೆ ಮೆತ್ತಿ ಬಂದದ್ದು ಯಾರ ಕಿಂಡಿಗೆ?”