ಸಾವಿನ ಮನೆಯ ಹೊಗೆ

"ಬುದ್ಧಿ, ಈ ಸಲ ನಮ್ಮ ಮಠ ಯಾರ ಕಡೆ?" ಎಂದು ಗುರುಸಿದ್ಧ ಕೇಳಿದ.

ಗುರುಸಿದ್ಧ ಚಿಕ್ಕಂದಿನಲ್ಲಿ ಮಠದಲ್ಲೇ ಉಂಡು ಓದಿದವನು. ಈಗ ಪಕ್ಕದ ಊರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ದೇಶದ ಚುನಾವಣೆ ಹತ್ತಿರವಾಗಿತ್ತು. ಕೂತಲ್ಲಿ ಕೂರಲು ಅವನಿಂದ ಆಗುತ್ತಿರಲಿಲ್ಲ. ಹೆಗಲ ಮೇಲಿದ್ದ ಪಕ್ಷದ ಶಾಲನ್ನು ಮಠದ ಬಾಗಿಲಲ್ಲಿ ಮಡಿಸಿ ಜೇಬಿಗೆ ತುರುಕಿಕೊಂಡು ಬಂದಿದ್ದ.

"ಮಠ ಇದ್ದ ಕಡೆಯೇ ಐತಲ್ಲಪ್ಪ" ಎಂದರು ಗುರುಗಳು.

"ತಮಾಷೆ ಬ್ಯಾಡಿ ಬುದ್ಧಿ. ನಮ್ಮ ಸಂಸ್ಕೃತಿನೇ ಕೈ ಬಿಟ್ಟು ಹೋಗ್ತಾ ಐತೆ. ಆ ಕಡೆಯೋರು ಗೆದ್ದರೆ ನಮ್ಮ ಹಬ್ಬ, ನಮ್ಮ ಊಟ, ನಮ್ಮ ಮದುವೆ ಮಸಣ ಯಾವುದೂ ನಮ್ಮದಾಗಿ ಉಳಿಯಾಕಿಲ್ಲ. ಒಡಹುಟ್ಟಿದ ನಮ್ಮಣ್ಣನೇ ಆ ಕಡೆ ಸೇರವ್ನೆ. ಅವನ ಮನೆ ಹೊಸಿಲು ತುಳಿಯೋದು ಬಿಟ್ಟಿವ್ನಿ. ನಾಳೆ ಮೆರವಣಿಗೆ. ನೀವು ಒಂದು ಮಾತು ಹೇಳಿದ್ರೆ ಊರಿಗೆ ಊರೇ ಬರ್ತದೆ. ಸಂಪ್ರದಾಯ ಉಳಿಸೋರ ಜೊತೆ ನಿಂತ್ಕಳೋದು ತಪ್ಪಾ ಬುದ್ಧಿ?"

"ತಪ್ಪೇನಲ್ಲ. ಕೂತ್ಕೊ" ಎಂದರು ಗುರುಗಳು. ಅವನು ಕೂತ. ಅವರು ಹೇಳತೊಡಗಿದರು.

ಒಂದು ಬೀದಿಯಲ್ಲಿ ಒಬ್ಬ ರೈತನೂ ಒಬ್ಬ ವ್ಯಾಪಾರಿಯೂ ಇದ್ದರು. ವ್ಯಾಪಾರಿಯ ಮನೆ ಬೀದಿಯ ಕೊನೆಯದು. ಅದಕ್ಕೆ ಪಕ್ಕದ ಮನೆ ಎಂದರೆ ರೈತನದೊಂದೇ. ಎರಡು ಮನೆಗೂ ನಡುವೆ ಒಂದೇ ಗೋಡೆ. ಅಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ಸೀನು ಬರುತ್ತಿತ್ತು.

ಆ ಊರಿಗೂ ಚುನಾವಣೆ ಬಂತು. ಊರು ಎರಡು ಪಕ್ಷವಾಯಿತು. ಪಕ್ಷಗಳ ಹೆಸರು ಕೇಳಬೇಡ. ಹೇಳಿದರೆ ನೀನು ಕತೆ ಬಿಟ್ಟು ಗೆಲುವಿನ ಲೆಕ್ಕ ಹಾಕುತ್ತಾ ಕೂರುತ್ತೀಯೆ. ಒಂದು ಪಕ್ಷದವರು ಹಿರಿಯರ ನಡೆ ಬಿಟ್ಟರೆ ನಾವು ಕೆಟ್ಟೆವು ಎನ್ನುತ್ತಿದ್ದರು. ಇನ್ನೊಂದು ಪಕ್ಷದವರು ಹಿರಿಯರ ನಡೆಯಿಂದಲೇ ನಾವು ಕೆಟ್ಟದ್ದು ಎನ್ನುತ್ತಿದ್ದರು. ರೈತ ಮೊದಲನೆಯವರ ಕಡೆ, ವ್ಯಾಪಾರಿ ಎರಡನೆಯವರ ಕಡೆ. ಯಾವ ವಾರ ಏನು ಉಣ್ಣಬೇಕು, ಹೆಣ್ಣುಮಕ್ಕಳು ಏನು ಉಡಬೇಕು, ಬೀದಿಗೆ ಯಾರ ಹೆಸರಿಡಬೇಕು, ಎಲ್ಲದಕ್ಕೂ ಜಗಳ. ಅದಕ್ಕೆ ಮೊದಲು ಆ ಬೀದಿಗೆ ಹೆಸರೇ ಇರಲಿಲ್ಲ, ಯಾರಿಗೂ ಅದರ ಗೊಡವೆಯೂ ಇರಲಿಲ್ಲ. ಕೊನೆಗೆ ಎರಡು ಕಡೆಯವರೂ ಸೇರದೆಯೇ ಒಂದೇ ತೀರ್ಮಾನಕ್ಕೆ ಬಂದರು: ಆ ಕಡೆಯವರ ಮನೆಗೆ ಏನನ್ನೂ ಕೊಡಬಾರದು, ಆ ಕಡೆಯವರಿಂದ ಏನನ್ನೂ ತರಬಾರದು.

ಇದೇ ಹೊತ್ತಿನಲ್ಲಿ ವ್ಯಾಪಾರಿಯ ಹೆಂಡತಿ ಜ್ವರ ಬಂದು ತೀರಿಕೊಂಡಳು. ಎರಡು ಸಣ್ಣ ಮಕ್ಕಳು. ನೆಂಟರೆಲ್ಲ ದೂರದ ಊರಿನವರು.

ಸಾವಾದ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ. ಇದು ನಿನಗೂ ಗೊತ್ತು. ನೆರೆಯವರು ಅಡುಗೆ ಮಾಡಿ ತಂದು ಬಡಿಸುತ್ತಾರೆ. ಆ ಬೀದಿಯಲ್ಲಿ ಇದಕ್ಕೆ ಇನ್ನೊಂದು ಕಟ್ಟಳೆ ಇತ್ತು. ಮೊದಲ ಪಾತ್ರೆ ಪಕ್ಕದ ಮನೆಯಿಂದಲೇ ಬರಬೇಕು, ಆ ಮನೆಯ ಯಜಮಾನನೇ ತರಬೇಕು. ಅದು ಬಂದ ಮೇಲೆ ಉಳಿದ ಮನೆಯವರು ತರಬಹುದು. ಪಕ್ಕದ ಮನೆಯವನು ಇರುವಾಗ ಬೇರೆಯವರು ಮುಂದಾದರೆ ಅವನನ್ನು ಸತ್ತವರ ಲೆಕ್ಕಕ್ಕೆ ಸೇರಿಸಿದಂತೆ ಎಂದು ಹಿರಿಯರು ಹೇಳುತ್ತಿದ್ದರು.

ವ್ಯಾಪಾರಿಯ ಪಕ್ಷದವರು ಬಂದು ಹೆಣಕ್ಕೆ ಹೆಗಲು ಕೊಟ್ಟರು. ರೈತ ತನ್ನ ಜಗಲಿಯ ಮೇಲೆ ನಿಂತು ನೋಡಿದ. ಇಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಸಿ ಬಂದರು. ಸ್ನಾನವಾಯಿತು. ವ್ಯಾಪಾರಿ ಮಕ್ಕಳನ್ನು ಎರಡು ತೊಡೆಯ ಮೇಲೆ ಕೂರಿಸಿಕೊಂಡು ಒಳಗೆ ಕೂತ. ಅವನ ಪಕ್ಷದವರು ಮನೆಯ ಮುಂದೆ ಚಪ್ಪರದ ಕೆಳಗೆ ಕೂತರು.

ಅವರು ಊಟ ತರಬಹುದಿತ್ತು. ಕಟ್ಟಳೆ ಗಿಟ್ಟಳೆಯನ್ನು ಅವರು ನಂಬುತ್ತಿರಲಿಲ್ಲ. ಆದರೆ ಒಬ್ಬ ಹೇಳಿದ: "ತಡೀರಿ. ಸಂಪ್ರದಾಯ ಸಂಪ್ರದಾಯ ಅಂತ ಬಾಯಿ ಬಡ್ಕೊಳ್ತಾರಲ್ಲ, ಆ ಪಕ್ಕದ ಮನೆಯೋನು ತರ್ತಾನಾ ನೋಡೋಣ. ತರದಿದ್ರೆ ನಾಳೆ ಭಾಷಣಕ್ಕೆ ಬ್ಯಾರೇನೂ ಬ್ಯಾಡ." ಎಲ್ಲರಿಗೂ ಅದು ಸರಿ ಎನಿಸಿತು. ಹಳೆಯದನ್ನು ನಂಬದವರು ಅಂದು ಒಂದು ದಿನ ಮಾತ್ರ ಹಳೆಯದನ್ನು ಕಾಯುತ್ತಾ ಕೂತರು.

ರೈತನ ಪಕ್ಷದವರೂ ಬೀದಿಯ ತಿರುವಿನಲ್ಲಿ ಬೈಕು ನಿಲ್ಲಿಸಿಕೊಂಡು ನಿಂತಿದ್ದರು. ತಮ್ಮವನು ಏನು ಮಾಡುತ್ತಾನೆಂದು ಅವರೂ ನೋಡಬೇಕಿತ್ತು.

ರೈತನ ಹೆಂಡತಿ ಯಾರನ್ನೂ ಕೇಳದೆ ಅಡುಗೆ ಮುಗಿಸಿದ್ದಳು. ಪಾತ್ರೆಯನ್ನು ಜಗಲಿಗೆ ತಂದಿಟ್ಟಳು. ರೈತ ಎದ್ದ, ಹೊರಗೆ ಇಣುಕಿದ, ಬಂದು ಕೂತ. ಮತ್ತೆ ಎದ್ದ. ಹಿತ್ತಲಿಗೆ ಹೋಗಿ ಬಂದ. ಟವೆಲನ್ನು ತಲೆಗೆ ಸುತ್ತಿದ, ಬಿಚ್ಚಿದ. ಗೋಡೆಯ ಆಚೆ ಒಂದು ಮಗು ಅಳತೊಡಗಿತು. ಆ ಗೋಡೆ ಏನನ್ನೂ ಮುಚ್ಚಿಡುವ ಗೋಡೆಯಲ್ಲ.

"ಅನ್ನ ಆರ್ತಾ ಐತೆ. ಯಾರನ್ನ ಕಾಯ್ತಾ ಇದ್ದೀರಿ?" ಎಂದಳು ಹೆಂಡತಿ.

"ಆ ಜನ ಅತ್ತ ಹೋಗ್ಲಿ ತಡಿಯೇ."

"ಅವರು ಹೋಗೋ ಜನ ಅಲ್ಲ. ಬಿಡಿ, ನಾನೇ ಕೊಟ್ಟು ಬರ್ತೀನಿ."

ಅವಳು ಹೋದರೆ ಇನ್ನೂ ಕೆಡುತ್ತದೆ ಎಂದು ರೈತನಿಗೆ ಅನ್ನಿಸಿತು. ಪಾತ್ರೆ ಎತ್ತಿಕೊಂಡು ತಾನೇ ಇಳಿದ. ಕೆಟ್ಟವನೇನಲ್ಲ ಅವನು. ಕೊಡಬೇಕೆಂದೇ ಇಳಿದ. ವ್ಯಾಪಾರಿಯ ಬಾಗಿಲಿಗೂ ಅವನಿಗೂ ಒಂದು ಚರಂಡಿ ದಾಟುವಷ್ಟು ದೂರ. ಅಷ್ಟರಲ್ಲಿ ತಿರುವಿನಿಂದ ಒಬ್ಬ ಕೂಗಿದ.

"ಏನಣ್ಣ, ಏನದು ಕೈಯಲ್ಲಿ?"

ರೈತ ನಿಂತ. "ಹಸುಗೆ. ಕಲಗಚ್ಚು" ಎಂದ.

ಹೇಳಿ ಆದ ಮೇಲೆ ಬೇರೆ ದಾರಿ ಇರಲಿಲ್ಲ. ಅವರೆಲ್ಲ ನೋಡುತ್ತಿದ್ದರು. ಅವನು ಕೊಟ್ಟಿಗೆಯ ಕಡೆ ತಿರುಗಿದ. ಅನ್ನವನ್ನೂ ಸಾರನ್ನೂ ಕಲಗಚ್ಚಿನ ಬಾನಿಗೆ ಸುರಿದ. ಹಸು ಮೂಸಿ ನೋಡಿ ತಿಂದಿತು. ಹೆಂಡತಿ ಜಗಲಿಯಿಂದ ಎಲ್ಲವನ್ನೂ ನೋಡಿದಳು. ಬೈಯಲಿಲ್ಲ. ಒಳಗೆ ಹೋಗಿ ಮತ್ತೆ ಅಕ್ಕಿ ತೊಳೆದಳು. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಆ ಅಕ್ಕಿ ಬೇಯುವ ಮೊದಲೇ ಗೋಡೆಯ ಆಚೆಯಿಂದ ಹೊಗೆ ಬಂತು. ಮಕ್ಕಳ ಅಳು ಕೇಳಲಾರದೆ ವ್ಯಾಪಾರಿ ತಾನೇ ಒಲೆ ಹಚ್ಚಿದ್ದ. ಎಂದೂ ಒಲೆ ಹಚ್ಚಿದವನಲ್ಲ. ಹಸಿ ಸೌದೆ ತುರುಕಿದ್ದ. ಹೆಂಚಿನ ಸಂದಿಯಲ್ಲೆಲ್ಲ ಹೊಗೆ ಎದ್ದಿತು.

ತಿರುವಿನಲ್ಲಿ ನಿಂತವರಿಗೆ ಅದು ಕಂಡಿತು. "ನೋಡ್ರೋ! ಹೆಣ ಹೋದ ದಿನವೇ ಒಲೆ ಹಚ್ಚವ್ನೆ!" ಎಂದು ಒಬ್ಬ ಕೂಗಿದ. ಇನ್ನೊಬ್ಬ ಮೊಬೈಲು ತೆಗೆದು ಹೊಗೆಯನ್ನು ಹಿಡಿದ. ಎಲ್ಲರೂ ವ್ಯಾಪಾರಿಯ ಬಾಗಿಲಿಗೆ ನುಗ್ಗಿದರು. ಚಪ್ಪರದ ಕೆಳಗಿದ್ದವರೂ ಎದ್ದರು. ಅವರೂ ಇದಕ್ಕೇ ಕಾದಿದ್ದವರು. ಕೈ ಕೈ ಮಿಲಾಯಿಸಿದರು. ಚಪ್ಪರದ ಗಳ ಮುರಿಯಿತು. ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಇಲ್ಲಿ ಗುರುಸಿದ್ಧನ ಫೋನು ಗುಂಯ್ ಎಂದಿತು. ಅವನು ತೆಗೆದು ನೋಡಿ ಜೇಬಿಗೆ ಹಾಕಿಕೊಂಡ.

"ಮೊದಲು ಕೈ ಮಾಡಿದೋರು ಯಾರು ಬುದ್ಧಿ?" ಎಂದು ಕೇಳಿದ.

"ಅದನ್ನ ತಿಳ್ಕೊಳ್ಳೋಕೆ ಇನ್ನೂ ಕೋರ್ಟಿಗೆ ಅಲೀತಾವ್ರೆ" ಎಂದು ಗುರುಗಳು ಮುಂದುವರಿಸಿದರು.

ಕತ್ತಲಾಗುವಷ್ಟರಲ್ಲಿ ಆ ಹೊಗೆ ತಾಲೂಕಿನ ಎಲ್ಲರ ಫೋನಿಗೂ ಮುಟ್ಟಿತು. ಮಾರನೆಯ ದಿನ ರೈತನ ಪಕ್ಷದವರು ಸಂತೆ ಮೈದಾನದಲ್ಲಿ ಸಭೆ ಸೇರಿಸಿದರು. ಇವರಿಗೆ ಸಾವು ಬಾಳಿನ ಮರ್ಯಾದೆಯೇ ಇಲ್ಲ, ಇಂಥವರ ಕೈಗೆ ದೇಶ ಕೊಡುತ್ತೀರಾ ಎಂದು ಮುಖಂಡ ಮೈಕಿನಲ್ಲಿ ಕೇಳಿದ. ವ್ಯಾಪಾರಿಯ ಪಕ್ಷದವರು ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಂದು ಸಭೆ ಸೇರಿಸಿದರು. ಸತ್ತವಳ ಫೋಟೋ ದೊಡ್ಡದು ಮಾಡಿಸಿ ಕಟ್ಟಿದರು. ಸಂಪ್ರದಾಯದ ಗುತ್ತಿಗೆ ಹಿಡಿದವರು ಒಂದು ಹಿಡಿ ಅನ್ನ ತಂದುಕೊಡಲಿಲ್ಲ ಎಂದು ಕೂಗಿದರು. ವ್ಯಾಪಾರಿಯನ್ನು ಮನೆಯಿಂದ ಎಬ್ಬಿಸಿಕೊಂಡು ಹೋಗಿ ಫೋಟೋದ ಪಕ್ಕದಲ್ಲಿ ಕೂರಿಸಿದರು. ಅವನಿಗೆ ಒಂದು ಮಾತೂ ಹೊರಡಲಿಲ್ಲ. ಅದಕ್ಕೂ ಚಪ್ಪಾಳೆ ಬಿತ್ತು.

ಇತ್ತ ರೈತನನ್ನು ಸಾಕ್ಷಿ ಹೇಳಲು ವೇದಿಕೆಗೆ ಕರೆದರು. ರಾತ್ರಿಯೆಲ್ಲ ಅವನು ಮಗ್ಗುಲು ಬದಲಿಸಿದ್ದ. ಬರುವಾಗ ಹೆಂಡತಿ, "ಇದ್ದದ್ದನ್ನ ಇದ್ದಂಗೆ ಹೇಳಿ ಬನ್ನಿ, ಇಲ್ದಿದ್ರೆ ಹೋಗಲೇಬೇಡಿ" ಎಂದಿದ್ದಳು. ಅವನೂ ಹಾಗೇ ಮಾಡಬೇಕೆಂದು ಎರಡು ಮಾತು ಕಟ್ಟಿಕೊಂಡಿದ್ದ. ಒಲೆ ಹಚ್ಚಿದ್ದು ನಿಜ ಎನ್ನುವುದು ಮೊದಲನೆಯದು. ನಾನು ಅನ್ನ ಕೊಡದೆ ಹಸುವಿಗೆ ಸುರಿದೆ, ಅದಕ್ಕೇ ಅವನು ಹಚ್ಚಿದ ಎನ್ನುವುದು ಎರಡನೆಯದು. ಮೆಟ್ಟಿಲು ಹತ್ತುವಾಗಲೂ ಎರಡನ್ನೂ ಬಾಯಲ್ಲೇ ಹೇಳಿಕೊಂಡ.

"ನಾನು ಪಕ್ಕದ ಮನೆಯೋನು. ಹೊಗೆ ಬಂದದ್ದು ನಿಜ" ಎಂದ ಮೈಕಿನಲ್ಲಿ.

ಮೈದಾನವೆಲ್ಲ ಎದ್ದು ನಿಂತಿತು. ಶಿಳ್ಳೆ, ಚಪ್ಪಾಳೆ, ತಮಟೆ. ಎರಡನೆಯ ಮಾತು ಹೇಳಲು ಅವನು ಚಪ್ಪಾಳೆ ನಿಲ್ಲಲೆಂದು ಕಾದ. ಅವನ ಜೀವಮಾನದಲ್ಲಿ ಅವನ ಮಾತಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಮುಖಂಡ ಬಂದು ಶಾಲು ಹೊದಿಸಿ ತಬ್ಬಿಕೊಂಡ. ಚಪ್ಪಾಳೆ ನಿಂತಿತು. ಮೈಕು ಅವನ ಮುಂದೆಯೇ ಇತ್ತು. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು, ಅವನು ಇನ್ನೇನು ಹೇಳುತ್ತಾನೋ ಎಂದು. ಅವನು ಕೈ ಮುಗಿದು ಕೆಳಗಿಳಿದ.

ಚುನಾವಣೆ ಮುಗಿಯಿತು. ಒಂದು ಪಕ್ಷ ಗೆದ್ದಿತು. ಬಾವುಟ ಬಿಚ್ಚಿದರು. ಗೆದ್ದವರೂ ಸೋತವರೂ ಮತ್ತೆ ಒಂದೇ ಹೋಟೆಲಿನಲ್ಲಿ ಟೀ ಕುಡಿದರು. ಆ ಬೀದಿಗೆ ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ರೈತನಿಗೆ ಮಾತ್ರ ನಿದ್ದೆ ಬರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತರೆ ಆಚೆಯ ಸದ್ದು ಕೇಳುತ್ತದೆ ಎಂದು ಬೇರೆ ಕಡೆ ಕೂರತೊಡಗಿದ. ಹಸುವಿನ ಮುಂದೆ ಬಾನಿ ಇಡಲು ಹೆಂಡತಿಯನ್ನೇ ಕಳಿಸುತ್ತಿದ್ದ. ಒಂದು ಬೆಳಿಗ್ಗೆ ತಡೆಯಲಾರದೆ ವ್ಯಾಪಾರಿಯ ಅಂಗಡಿಗೆ ಹೋಗಿ ನಿಂತ.

"ನಾನು ಸುಳ್ಳು ಹೇಳಲಿಲ್ಲ ಕಣಯ್ಯ" ಎಂದ.

ವ್ಯಾಪಾರಿ ಬೇಳೆ ಅಳೆಯುತ್ತಿದ್ದ. ಕೈ ನಿಲ್ಲಿಸಲಿಲ್ಲ. "ಇಲ್ಲ. ಸುಳ್ಳು ಹೇಳಿದ್ದರೆ ಎದುರು ಮಾತಾಡಬಹುದಿತ್ತು" ಎಂದ.

"ಇಷ್ಟೇ ಕತೆ" ಎಂದರು ಗುರುಗಳು.

ಗುರುಸಿದ್ಧ ಸುಮ್ಮನಾಗಲಿಲ್ಲ. ಎದ್ದು ನಿಂತ, ಕಂಬದವರೆಗೆ ಹೋಗಿ ಬಂದ.

"ಏನೇ ಆಗ್ಲಿ ಬುದ್ಧಿ, ಒಲೆ ಹಚ್ಚಿದ್ದು ತಪ್ಪೇ ಅಲ್ವಾ? ಇನ್ನೊಂದು ಗಳಿಗೆ ತಡೀಬೌದಿತ್ತು. ಆ ರೈತಂದೂ ತಪ್ಪೈತೆ, ಇಲ್ಲ ಅನ್ನಾಕಿಲ್ಲ. ಆದ್ರೆ ಆ ಚಪ್ಪರದಾಗೆ ಕೂತಿದ್ದೋರು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಕಟ್ಟಳೆ ಮೊದಲು ಮುರಿದೋರು ಯಾರು ಅಂತ ಆಗ್ತದೆ? ಅಂಥೋರನ್ನ ತಾನೇ ನಾವು ಸೋಲಿಸಬೇಕು ಅನ್ನೋದು? ಅದಿರ್ಲಿ, ಗೆದ್ದಿದ್ದು ಯಾವ ಪಕ್ಷ? ಅದನ್ನೇ ಹೇಳಲಿಲ್ಲ ನೀವು."

ಗುರುಗಳು ಅವನು ಹೇಳುವುದನ್ನೆಲ್ಲ ಹೇಳಿ ಮುಗಿಸುವವರೆಗೂ ಕಾದರು. ಆಮೇಲೆ ಅವನ ಮುಖ ನೋಡಿ ಹೇಳಿದರು:

"ಇಷ್ಟೆಲ್ಲ ಕೇಳಿದೆಯಲ್ಲ ಮಗ, ಆ ಮಕ್ಕಳು ಉಂಡವಾ ಅಂತ ನೀನೂ ಕೇಳಲಿಲ್ಲ."