ಬೆನ್ನ ಮೇಲಿನ ಗುರು

ಕೆಸರುಗದ್ದೆಯ ಓಟದಲ್ಲಿ ಹೆಸರು ಮಾಡಿದ್ದ ಕಾಟಿ ಎಂಬ ಕೋಣದ ಬೆನ್ನ ಮೇಲೆ ಒಂದು ಬೆಳ್ಳಕ್ಕಿ ಸದಾ ಕೂತಿರುತ್ತಿತ್ತು. ಕೋಣಗಳಿಗೆಲ್ಲ ತಾನೇ ಗುರು ಎಂಬ ಹಮ್ಮು ಅದಕ್ಕೆ. ಓಟಕ್ಕೆ ಹತ್ತು ದಿನ ಇರುವಾಗ ಕಾಟಿಯ ಮೊಣಕಾಲು ಬಾತುಕೊಂಡಿತು.

"ಗುರುಗಳೇ, ಕಾಲು ಊರಲಾಗುತ್ತಿಲ್ಲ. ನಾಲ್ಕು ದಿನ ನೀರಲ್ಲಿ ಮಲಗಿ ಸುಧಾರಿಸಿಕೊಳ್ಳುತ್ತೇನೆ," ಎಂದಿತು ಕಾಟಿ.

"ನೋವು ಎನ್ನುವುದು ಸೋಮಾರಿಗಳ ನೆಪ. ಇನ್ನೂ ಆರು ಸುತ್ತು ಉಳಿದಿದೆ, ಓಡು!" ಎಂದು ಬೆಳ್ಳಕ್ಕಿ ಗದರಿತು.

ಕಾಟಿಯ ಮೈಯೆಲ್ಲ ಉರಿದುಹೋಯಿತು. ಹೋದ ವರ್ಷ ಇದೇ ಮಾತು ನಂಬಿ ಓಡಿದ ಅದರ ಜೊತೆಗಾರ ಬೊಳ್ಳ ಇವತ್ತಿಗೂ ಕೊಟ್ಟಿಗೆ ಬಿಟ್ಟು ಎದ್ದಿರಲಿಲ್ಲ.

"ಬೊಳ್ಳನಿಗೂ ಹೀಗೇ ಹೇಳಿದಿರಿ. ನೀವು ಒಂದು ದಿನವಾದರೂ ಈ ಕೆಸರಲ್ಲಿ ಓಡಿದ್ದುಂಟೇ?"

"ಓಡಿಸುವವರು ಓಡಬೇಕಿಲ್ಲ. ನೀನು ಸೋತರೆ ನನ್ನ ಮಾನ ಏನಾಗಬೇಕು?"

"ಮಾನ ನಿಮ್ಮದು, ಮೊಣಕಾಲು ನನ್ನದು. ಇಳಿಯಿರಿ ಕೆಳಗೆ!" ಎಂದು ಅಬ್ಬರಿಸಿದ ಕಾಟಿ ಮೈ ಕೊಡವಿ, ಹೊಂಡಕ್ಕಿಳಿದು ಮಲಗಿತು.

ಬೆಳ್ಳಕ್ಕಿಗೆ ನಾಚಿಕೆಯೇನೂ ಆಗಲಿಲ್ಲ. ಆಚೆ ಮೇಯುತ್ತಿದ್ದ ಹೊಸ ಕೋಣದ ಬೆನ್ನೇರಿ, "ನಿನ್ನನ್ನು ನಾನು ಗೆಲ್ಲಿಸುತ್ತೇನೆ. ಹನ್ನೆರಡು ಸುತ್ತು ಓಡು!" ಎಂದಿತು. ಪಾಪದ ಪ್ರಾಣಿ, ಹುರುಪಿನಿಂದ ಓಡತೊಡಗಿತು. ಐದನೆಯ ಸುತ್ತಿಗೆ ಅದರ ಕಾಲು ತಡವರಿಸಿತು. ಬೆಳ್ಳಕ್ಕಿ ಮಾತ್ರ "ಓಡು, ಓಡು" ಎನ್ನುತ್ತಲೇ ಇತ್ತು.

ಕಾಟಿಗೆ ಇನ್ನು ತಡೆಯಲಾಗಲಿಲ್ಲ. ಕುಂಟುತ್ತಲೇ ಎದ್ದು ಬಂದು ಗದ್ದೆಗೆ ಅಡ್ಡ ನಿಂತು ಕೊಂಬು ಬೀಸಿತು. ಆ ರಭಸಕ್ಕೆ ಬೆಳ್ಳಕ್ಕಿ ಗುಡ್ಡದಾಚೆ ಹಾರಿಹೋಯಿತು.

"ತಮ್ಮಾ," ಎಂದಿತು ಕಾಟಿ, ಸಿಟ್ಟು ಇನ್ನೂ ಇಳಿಯದೆ, "ಓಡುವುದನ್ನು ಆಮೇಲೆ ನಾನು ಕಲಿಸುತ್ತೇನೆ. ಮೊದಲು ನಿಲ್ಲುವುದನ್ನು ಕಲಿ."